ಕ್ರೈಸ್ತ ದೃಷ್ಟಿಯಲ್ಲಿ ಬಯೋಎಥಿಕ್ಸ್ ಓದಬೇಕು: ಬೀದರ್-ಕಲಬುರಗಿ ಕಡೆಯ ನರ್ಸ್‌ಗೆ ದಾರಿ ಯಾವುದು?

ಐಸಿಯು_ಬೀದರ್ (ಪ್ರಶ್ನೆ)

ಎಲ್ಲರಿಗೂ ವಂದನೆಗಳು.

ಬಿ.ಎಸ್ಸಿ. ನರ್ಸಿಂಗ್ ಆಗಿದೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಊರು ಬೀದರ್, ಕೆಲಸ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ. ನಮ್ಮದು ಮೆಥಡಿಸ್ಟ್ ಸಭೆ. ಬಯೋಎಥಿಕ್ಸ್‌ನಲ್ಲಿ, ಅಂದರೆ ವೈದ್ಯಕೀಯ ಮತ್ತು ಜೀವವಿಜ್ಞಾನದ ನೀತಿಶಾಸ್ತ್ರದಲ್ಲಿ, ಸ್ನಾತಕೋತ್ತರ ಓದಬೇಕೆಂದಿದ್ದೇನೆ. ಬರೀ ಕಾನೂನು, ಕನ್ಸೆಂಟ್ ಫಾರಂ ಅಷ್ಟಕ್ಕೇ ನಿಲ್ಲುವ ಕೋರ್ಸ್ ಬೇಡ. ವೆಂಟಿಲೇಟರ್ ತೆಗೆಯುವುದು, ಐವಿಎಫ್ (ಪ್ರನಾಳ ಶಿಶು), ಗರ್ಭಪಾತ, ಅಂಗಾಂಗ ದಾನ, ವಿಷ ಕುಡಿದು ಬಂದವರ ಆರೈಕೆ, ಇಂಥವುಗಳಲ್ಲಿ ಸತ್ಯವೇದ ಮತ್ತು ಸಭೆಯ ಬೋಧನೆಯನ್ನು ಇಟ್ಟುಕೊಂಡು ಹೇಗೆ ಯೋಚಿಸಬೇಕೆಂದು ಕ್ರಮವಾಗಿ ಕಲಿಸುವಂಥದ್ದು ಬೇಕು.

ಭಾರತದಲ್ಲೇ ಆಗುತ್ತದಾ, ಹೊರಗೆ ಹೋಗಲೇಬೇಕಾ? ಆನ್‌ಲೈನ್ ಎಂ.ಎ. ಮಾಡಿದರೆ ಇಲ್ಲಿ ಬೆಲೆ ಇದೆಯಾ? ಓದಿದ ಮೇಲೆ ನಮ್ಮ ಭಾಗದಲ್ಲಿ ಕೆಲಸ ಏನು? ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ದೇವಶಾಸ್ತ್ರ ಓದಿಲ್ಲ. ಮೊದಲು ಏನು ಓದಿಕೊಳ್ಳಬೇಕು ಎನ್ನುವುದನ್ನೂ ತಿಳಿದವರು ದಯವಿಟ್ಟು ಹೇಳಿ.

---

ನೀತಿಪಾಠ_ಕಲಬುರಗಿ

ಸಿಸ್ಟರ್, ನೀವು ಕೇಳುವ ಎರಡೂ ಗುಣ ಇರುವ ಒಂದೇ ಪದವಿ, ಅದೂ ಯುಜಿಸಿ ಮಾನ್ಯತೆಯೊಂದಿಗೆ, ನಮ್ಮಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಇಲ್ಲಿದ್ದುಕೊಂಡು ಓದುವವರು ಸಾಮಾನ್ಯವಾಗಿ ಬಯೋಎಥಿಕ್ಸನ್ನು ಒಂದು ಕಡೆ, ದೇವಶಾಸ್ತ್ರವನ್ನು ಇನ್ನೊಂದು ಕಡೆ ಓದಿ ಜೋಡಿಸಿಕೊಳ್ಳಬೇಕಾಗುತ್ತದೆ. ಈ ದಾರಿ ಕೆಟ್ಟದ್ದೇನಲ್ಲ. ನಿಮ್ಮಂಥ ಕೆಲಸದಲ್ಲಿರುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಬಯೋಎಥಿಕ್ಸ್ ಭಾಗಕ್ಕೆ ಹತ್ತಿರದ್ದು ಮಂಗಳೂರಿನ ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದ ಎಥಿಕ್ಸ್ ಕೇಂದ್ರ. ಅಲ್ಲಿ ಬಯೋಎಥಿಕ್ಸ್ ಮತ್ತು ಮೆಡಿಕಲ್ ಎಥಿಕ್ಸ್‌ನ ಸ್ನಾತಕೋತ್ತರ ಡಿಪ್ಲೊಮಾ ಇದೆ. ಅದು ಯಾವ ಧರ್ಮದ ದೃಷ್ಟಿಯದ್ದೂ ಅಲ್ಲ. ಸಂಶೋಧನಾ ನೀತಿ, ಕ್ಲಿನಿಕಲ್ ನೀತಿ, ಭಾರತದ ಕಾನೂನು ಅಲ್ಲಿ ಗಟ್ಟಿಯಾಗುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿಯ ಸಂಸ್ಥೆ. ವೈದ್ಯ ವಿದ್ಯಾರ್ಥಿಗಳಿಗೆ ನೀತಿಶಾಸ್ತ್ರವನ್ನು ವಿಷಯವಾಗಿ ಕಲಿಸುವುದರಲ್ಲಿ ದೇಶದಲ್ಲೇ ಹಳಬರು. ಅವರ ಅಲ್ಪಾವಧಿ ಕೋರ್ಸ್, ಕಾರ್ಯಾಗಾರಗಳ ಮೇಲೆ ಕಣ್ಣಿಡಿ. ಮುಂಬೈಯಲ್ಲಿ ಕ್ಯಾಥೊಲಿಕ್ ವೈದ್ಯರ ಅಂತಾರಾಷ್ಟ್ರೀಯ ಒಕ್ಕೂಟದ ಹೆಸರಿನಲ್ಲಿರುವ ಎಫ್‌ಐಎಎಂಸಿ ಬಯೋಮೆಡಿಕಲ್ ಎಥಿಕ್ಸ್ ಸೆಂಟರ್ ಇದೆ. ಅಲ್ಲಿಯ ಬೋಧನೆ ನೇರವಾಗಿ ಕ್ಯಾಥೊಲಿಕ್ ನೈತಿಕ ದೇವಶಾಸ್ತ್ರದ ಮೇಲೆ ನಿಂತಿದೆ.

ದೇವಶಾಸ್ತ್ರದ ಭಾಗಕ್ಕೆ, ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್ ನೋಡಿ. ಕೆಲಸ ಬಿಡದೆ ಓದುವ ಸಭಿಕರಿಗಾಗಿ ಅದರ ದೂರಶಿಕ್ಷಣ ವಿಭಾಗದಲ್ಲಿ ಕ್ರಿಶ್ಚಿಯನ್ ಸ್ಟಡೀಸ್ ಡಿಪ್ಲೊಮಾ ಮತ್ತು ಅದೇ ವಿಷಯದ ಪದವಿ ಬಿ.ಸಿ.ಎಸ್. ಇವೆ. ಸೆನೆಟ್‌ನಲ್ಲಿ ಕ್ರೈಸ್ತ ನೀತಿಶಾಸ್ತ್ರದ ಎಂ.ಟಿಎಚ್. (ದೇವಶಾಸ್ತ್ರದ ಸ್ನಾತಕೋತ್ತರ ಪದವಿ) ಕೂಡ ಇದೆ. ಆದರೆ ಅದಕ್ಕೆ ಮೊದಲು ಬಿ.ಡಿ. (ದೇವಶಾಸ್ತ್ರದ ಪದವಿ) ಆಗಿರಬೇಕು. ಬಿ.ಡಿ.ಗೆ ನಾಲ್ಕು ವರ್ಷ, ಎಂ.ಟಿಎಚ್.ಗೆ ಎರಡು, ಒಟ್ಟು ಆರು ವರ್ಷ. ಪಾಸ್ಟರ್ ಸೇವೆಗೆ ಹೋಗುವ ಕರೆ ಇದ್ದವರಿಗೆ ಅದು ಸರಿಯಾದ ದಾರಿ. ಐಸಿಯುನಲ್ಲೇ ಉಳಿಯುವವರಿಗೆ ಅಷ್ಟು ಬೇಕಿಲ್ಲ.

ಇಲ್ಲೊಂದು ಕಡೆ ಭಾಳ ಜನ ಮೋಸಹೋಗುತ್ತಾರೆ. ಹೈದರಾಬಾದಿನಿಂದ ಹಿಡಿದು ನಮ್ಮ ತಾಲ್ಲೂಕು ಊರುಗಳವರೆಗೆ "ಮಾಸ್ಟರ್ ಆಫ್ ಕ್ರಿಶ್ಚಿಯನ್ ಎಥಿಕ್ಸ್", "ಡಾಕ್ಟರೇಟ್" ಎಂದು ಬೋರ್ಡ್ ಹಾಕಿಕೊಂಡ ಬೈಬಲ್ ಕಾಲೇಜುಗಳಿವೆ. ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಪದವಿ ಪ್ರಮಾಣಪತ್ರದ ಮೇಲೆ ಯಾರ ಹೆಸರು ಇರುತ್ತದೆ, ಅವರಿಗೆ ಪದವಿ ಕೊಡುವ ಅಧಿಕಾರ ಯಾವ ಕಾಯ್ದೆಯಿಂದ ಬಂದಿದೆ? ಸೆರಾಂಪುರಕ್ಕೆ 1827ರ ಡೆನ್ಮಾರ್ಕ್ ರಾಜನ ಸನದು ಮತ್ತು 1918ರ ಸೆರಾಂಪುರ ಕಾಲೇಜು ಕಾಯ್ದೆ ಇವೆ. ಕೆಲವು ಒಳ್ಳೆಯ ಸೆಮಿನರಿಗಳಿಗೆ ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಶನ್‌ನ ಅಂಗೀಕಾರ ಇದೆ. ಅದು ಪಾಠದ ಗುಣಮಟ್ಟಕ್ಕೆ ಗುರುತು, ಸಭೆಯೊಳಗೆ ನಡೆಯುತ್ತದೆ, ಹೊರದೇಶದ ಸೆಮಿನರಿಗಳೂ ಒಪ್ಪುತ್ತವೆ. ಆದರೆ ಅದು ಯುಜಿಸಿ ಮಾನ್ಯತೆ ಅಲ್ಲ. ಸರ್ಕಾರಿ ಕೆಲಸ, ಬಡ್ತಿ, ಇಲ್ಲಿಯ ವಿಶ್ವವಿದ್ಯಾಲಯದ ಪಿಎಚ್.ಡಿ. ಎಂದಾಗ ಕೈಕೊಡುತ್ತದೆ. ಎರಡನ್ನೂ ಒಂದೇ ಎಂದು ಹೇಳುವ ಪ್ರಾಂಶುಪಾಲರಿದ್ದರೆ ಅಲ್ಲಿಗೆ ಹೋಗಬೇಡಿ.

ಕೆಲಸದ ವಿಷಯಕ್ಕೆ ಬಂದರೆ, 2021ರಲ್ಲಿ ಪರಿಷ್ಕೃತವಾದ ಭಾರತೀಯ ನರ್ಸಿಂಗ್ ಪರಿಷತ್ತಿನ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ವೃತ್ತಿಮೌಲ್ಯ ಮತ್ತು ಬಯೋಎಥಿಕ್ಸ್ ಸೇರಿದ ಒಂದು ಪತ್ರಿಕೆಯೇ ಇದೆ, ನಾಲ್ಕನೇ ಸೆಮಿಸ್ಟರ್‌ನಲ್ಲಿ. ಎಂ.ಬಿ.ಬಿ.ಎಸ್.ನಲ್ಲೂ 2019ರಿಂದ ಎಇಟಿಕಾಮ್ ಹೆಸರಿನಲ್ಲಿ ಧೋರಣೆ, ನೀತಿ, ಸಂವಹನದ ಪಾಠ ಕಡ್ಡಾಯ. ಇವನ್ನು ತಯಾರಿ ಮಾಡಿಕೊಂಡು ಕಲಿಸುವವರು ನಮ್ಮ ಭಾಗದಲ್ಲಿ ಕಡಿಮೆ. ಆದರೆ ನರ್ಸಿಂಗ್ ಕಾಲೇಜಿನಲ್ಲಿ ಲೆಕ್ಚರರ್ ಆಗಲು ಎಂ.ಎಸ್ಸಿ. ನರ್ಸಿಂಗ್ ಬೇಕೇ ಬೇಕು. ಬಯೋಎಥಿಕ್ಸ್ ಎಂ.ಎ. ಎಷ್ಟೇ ದೊಡ್ಡ ವಿಶ್ವವಿದ್ಯಾಲಯದ್ದಾಗಿರಲಿ, ಆ ಜಾಗಕ್ಕೆ ಸಲ್ಲುವುದಿಲ್ಲ. ಹಾಗಾಗಿ ಪಾಠ ಮಾಡುವ ಮನಸ್ಸಿದ್ದರೆ ಎಂ.ಎಸ್ಸಿ. ನರ್ಸಿಂಗ್ ಮುಖ್ಯ ಪದವಿ, ಅದರ ಪ್ರಬಂಧವನ್ನು ನೀತಿಶಾಸ್ತ್ರದ ವಿಷಯದ ಮೇಲೆ ಬರೆಯುವುದು, ಜೊತೆಗೆ ಬಯೋಎಥಿಕ್ಸ್ ಡಿಪ್ಲೊಮಾ. ನನ್ನ ಮಟ್ಟಿಗೆ ಇದೇ ಗಟ್ಟಿ ಜೋಡಣೆ.

---

ಹುಮನಾಬಾದ್_ಪಾಸ್ಟರ್

ಮೇಲಿನವರು ಸಂಸ್ಥೆಗಳ ಬಗ್ಗೆ ಹೇಳಿದ್ದು ಸರಿ. ನಾನು ಒಳಗಿನ ಓದಿನ ಬಗ್ಗೆ ಹೇಳುತ್ತೇನೆ. ಕೋರ್ಸ್ ಹುಡುಕುವ ಮೊದಲು ನೀವು ಯಾವ ಸಂಪ್ರದಾಯದ ಒಳಗೆ ನಿಂತು ಯೋಚಿಸುತ್ತೀರಿ ಎನ್ನುವುದು ಸ್ಪಷ್ಟವಾಗಬೇಕು. "ಕ್ರೈಸ್ತ ದೃಷ್ಟಿ" ಎನ್ನುವುದು ಒಂದೇ ಅಲ್ಲ.

ಕ್ಯಾಥೊಲಿಕ್ ಬಯೋಎಥಿಕ್ಸ್‌ನ ಬುನಾದಿ ನೈಸರ್ಗಿಕ ನಿಯಮದ ವಾದ ಮತ್ತು ಸಭೆಯ ಅಧಿಕೃತ ದಾಖಲೆಗಳು. ಸಂತಾನ ತಂತ್ರಜ್ಞಾನದ ಬಗ್ಗೆ 1987ರ ಡೋನುಮ್ ವೀತೆ, ಜೀವದ ಘನತೆಯ ಬಗ್ಗೆ 1995ರ ಇವಾಂಗೇಲಿಯುಮ್ ವೀತೆ, ಭ್ರೂಣ ಸಂಶೋಧನೆ ಇತ್ಯಾದಿಗೆ 2008ರ ದಿಗ್ನಿತಾಸ್ ಪೆರ್ಸೋನೆ. ಇವುಗಳಲ್ಲಿ ಐವಿಎಫ್‌ಗೆ ಒಪ್ಪಿಗೆ ಇಲ್ಲ. ಗಂಡ-ಹೆಂಡತಿಯದೇ ಅಂಡ, ವೀರ್ಯ ಬಳಸಿದರೂ ಇಲ್ಲ. ಮೆಥಡಿಸ್ಟ್ ಆಲೋಚನೆ ಸತ್ಯವೇದ, ಸಂಪ್ರದಾಯ, ವಿವೇಕ, ಅನುಭವ ಈ ನಾಲ್ಕನ್ನೂ ಇಟ್ಟುಕೊಂಡು ನಡೆಯುತ್ತದೆ, ಸತ್ಯವೇದಕ್ಕೆ ಮೊದಲ ಸ್ಥಾನ ಕೊಟ್ಟು. ಅದೇ ಐವಿಎಫ್ ವಿಷಯದಲ್ಲಿ ಹಲವು ಪ್ರಾಟೆಸ್ಟೆಂಟ್ ಚಿಂತಕರು ದಂಪತಿಯ ಮಟ್ಟಕ್ಕೆ ಒಪ್ಪಿ, ಉಳಿದ ಭ್ರೂಣಗಳನ್ನು ಏನು ಮಾಡುತ್ತೀರಿ ಎಂದು ಅಲ್ಲಿ ತಡೆಯುತ್ತಾರೆ. ಹಾಗಾಗಿ ಕ್ಯಾಥೊಲಿಕ್ ಕೋರ್ಸಿಗೆ ಸೇರಿದರೆ ತಪ್ಪೇನಿಲ್ಲ, ವಾದ ಕಟ್ಟುವ ಶಿಸ್ತು ಅಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಪ್ರತಿ ಪಾಠದಲ್ಲೂ "ಈ ತೀರ್ಮಾನ ಯಾವ ಆಧಾರದಿಂದ ಬಂತು, ನಾನು ಆ ಆಧಾರವನ್ನು ಒಪ್ಪುತ್ತೇನಾ" ಎಂದು ಕೇಳಿಕೊಳ್ಳುತ್ತಲೇ ಓದಬೇಕು.

ಮೆಥಡಿಸ್ಟರಾದ ನೀವು ಮೊದಲು ಓದಬೇಕಾದವರು ಪಾಲ್ ರ‍್ಯಾಮ್ಸಿ. ಪ್ರಿನ್ಸ್‌ಟನ್‌ನಲ್ಲಿ ಕಲಿಸುತ್ತಿದ್ದ ಮೆಥಡಿಸ್ಟ್ ದೇವಶಾಸ್ತ್ರಜ್ಞ. 1970ರಲ್ಲಿ ಬಂದ ಅವರ 'ದ ಪೇಶಂಟ್ ಆ್ಯಸ್ ಪರ್ಸನ್' ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಪುಸ್ತಕಗಳಲ್ಲೊಂದು. ವೈದ್ಯ ಮತ್ತು ರೋಗಿಯ ನಡುವೆ ಇರುವುದು ಒಡಂಬಡಿಕೆಯ ನಂಬಿಗಸ್ತಿಕೆ ಎಂದು ಅವರು ವಾದಿಸುತ್ತಾರೆ, ಕನ್ಸೆಂಟ್‌ನ ಅರ್ಥವನ್ನು ಅಲ್ಲಿಂದ ತೆಗೆಯುತ್ತಾರೆ. ಇಂಗ್ಲಿಷ್ ಕಷ್ಟ, ವಾಕ್ಯಗಳು ಉದ್ದ. ಅದಕ್ಕೆ ಮೊದಲು ಗಿಲ್ಬರ್ಟ್ ಮೈಲೆಂಡರ್ ಅವರು ಕ್ರೈಸ್ತರಿಗಾಗಿಯೇ ಬರೆದ ಚಿಕ್ಕ ಪ್ರವೇಶಿಕೆ ಓದಿಕೊಳ್ಳಿ. ಅವರು ಲೂಥರನ್. ಆಮೇಲೆ ಬೋಶಾಂಪ್ ಮತ್ತು ಚಿಲ್ಡ್ರೆಸ್ ಅವರ ನಾಲ್ಕು ತತ್ವಗಳು: ಸ್ವಾಯತ್ತತೆ, ಹಿತ ಮಾಡುವುದು, ಹಾನಿ ಮಾಡದಿರುವುದು, ನ್ಯಾಯ. 1979ರ ಈ ಚೌಕಟ್ಟನ್ನೇ ಹೆಚ್ಚಿನ ಆಸ್ಪತ್ರೆ, ಸಮಿತಿಗಳು ಬಳಸುತ್ತವೆ. ಕ್ರೈಸ್ತ ದೃಷ್ಟಿ ಬೇಕೆಂದು ಇದನ್ನು ಬಿಟ್ಟರೆ ಸಮಿತಿಯ ಮೇಜಿನ ಮುಂದೆ ನಿಮ್ಮ ಮಾತು ಯಾರಿಗೂ ತಿಳಿಯುವುದಿಲ್ಲ.

ದ್ವಿಪರಿಣಾಮ ತತ್ವವನ್ನು ಮಾತ್ರ ಆತುರವಿಲ್ಲದೆ ಕಲಿಯಿರಿ, ಐಸಿಯುನಲ್ಲಿ ದಿನಾ ಬೇಕಾಗುವುದು ಅದೇ. ಥಾಮಸ್ ಅಕ್ವಿನಾಸರು ಆತ್ಮರಕ್ಷಣೆಯ ಪ್ರಶ್ನೆಗೆ ಕೊಟ್ಟ ಉತ್ತರದಿಂದ ಬೆಳೆದು ಬಂದದ್ದು. ಒಂದು ಕೆಲಸದಿಂದ ಒಳ್ಳೆಯದೂ ಕೆಟ್ಟದ್ದೂ ಎರಡೂ ಆಗುವುದಿದ್ದರೆ ನಾಲ್ಕು ಷರತ್ತು. ಕೆಲಸ ತಾನಾಗಿ ಕೆಟ್ಟದ್ದಾಗಿರಬಾರದು. ಕೆಟ್ಟ ಪರಿಣಾಮ ನಮ್ಮ ಉದ್ದೇಶವಾಗಿರಬಾರದು. ಕೆಟ್ಟ ಪರಿಣಾಮದ ಮೂಲಕವೇ ಒಳ್ಳೆಯದು ಬರುವಂತಿರಬಾರದು. ಆ ಕೆಟ್ಟದ್ದನ್ನು ಸಹಿಸುವಷ್ಟು ತೂಕದ ಕಾರಣ ಇರಬೇಕು.

ಕ್ಯಾನ್ಸರಿನ ಕೊನೆಯ ಹಂತದಲ್ಲಿ ಉಸಿರು ಸಿಕ್ಕಿಹಾಕಿಕೊಂಡು ಒದ್ದಾಡುವವರಿಗೆ ಮಾರ್ಫಿನ್ ಕೊಡುವುದನ್ನು ತೆಗೆದುಕೊಳ್ಳಿ. ಸಣ್ಣ ಡೋಸಿನಿಂದ ಶುರು ಮಾಡಿ, ಒದ್ದಾಟ ಮತ್ತು ಉಸಿರಿನ ದರ ಎರಡನ್ನೂ ನೋಡುತ್ತ ಏರಿಸಿದರೆ ಉದ್ದೇಶ ಉಪಶಮನ ಎನ್ನುವುದು ಚಾರ್ಟಿನಲ್ಲೇ ಕಾಣುತ್ತದೆ. ಒದ್ದಾಟ ನಿಂತ ಮೇಲೂ ಡೋಸ್ ಏರುತ್ತಲೇ ಹೋದರೆ ಎರಡನೆಯ ಷರತ್ತು ಮುರಿದಿದೆ. ಸಾವಿನಿಂದಲೇ ನೋವು ಮುಗಿಯಲಿ ಎಂದು ಕೊಟ್ಟರೆ ಮೂರನೆಯದು ಮುರಿಯಿತು. ವಿದ್ಯಾರ್ಥಿಗಳು ಎಡವುವುದು ಈ ಮೂರನೆಯದರಲ್ಲೇ. "ಮನಸ್ಸು ಒಳ್ಳೆಯದಿತ್ತು" ಎಂಬಲ್ಲಿಗೆ ಅವರ ವಾದ ನಿಂತುಬಿಡುತ್ತದೆ. ಮಾರ್ಫಿನ್ ಕೊಟ್ಟರೆ ಪಾಪ ಎನ್ನುವ ಭಯ ನಮ್ಮ ಸಭೆಗಳ ಎಷ್ಟೋ ಕುಟುಂಬಗಳಲ್ಲಿದೆ. ಅದನ್ನು ಬಿಡಿಸಲು ಈ ನಾಲ್ಕು ಷರತ್ತು ಸಾಕು.

ಇನ್ನೊಂದು ಸಾಧಾರಣ ಮತ್ತು ಅಸಾಧಾರಣ ಚಿಕಿತ್ಸೆಯ ಭೇದ. 16ನೇ ಶತಮಾನದ ದೇವಶಾಸ್ತ್ರಜ್ಞರಲ್ಲೇ ಇದೆ. 1957ರ ನವೆಂಬರ್‌ನಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅರಿವಳಿಕೆ ತಜ್ಞರಿಗೆ ಮಾಡಿದ ಭಾಷಣದಲ್ಲಿ, ರೋಗಿಗೂ ಮನೆಯವರಿಗೂ ವಿಪರೀತ ಹೊರೆಯಾಗುವ ಚಿಕಿತ್ಸೆ ಮುಂದುವರಿಸುವ ಬಾಧ್ಯತೆ ಇಲ್ಲವೆಂದು ಸ್ಪಷ್ಟಪಡಿಸಿದರು. ಇಲ್ಲಿ ಗಮನಿಸಬೇಕಾದ್ದು, ಯಂತ್ರ ದೊಡ್ಡದು ಎಂದ ಮಾತ್ರಕ್ಕೆ ಅದು ಅಸಾಧಾರಣ ಅಲ್ಲ. ಈ ರೋಗಿಗೆ, ಈ ಸ್ಥಿತಿಯಲ್ಲಿ, ಫಲ ಎಷ್ಟು, ಹೊರೆ ಎಷ್ಟು ಎಂದು ತೂಗಬೇಕು.

---

ಭೀಮಾತೀರ_ಯಾದಗಿರಿ

ಅಕ್ಕಾರ, ಪಾಸ್ಟರ್ ಸಾಹೇಬ್ರು ಹೇಳಿದ್ದು ಖರೆ ಅದ. ಆದ್ರ ಆ ತತ್ವ ಎಲ್ಲಾ ನಮ್ಮ ಐಸಿಯುದಾಗ ಇಳಿದು ಬರಬೇಕಾದ್ರ ಇಲ್ಲಿ ಕಾನೂನು ಗೊತ್ತಿರಬೇಕು, ಇಲ್ಲಿ ರೊಕ್ಕದ ಕಥಿನೂ ಗೊತ್ತಿರಬೇಕು.

ಮೊದ್ಲ ಕಾನೂನು. ಚೇತರಿಕಿ ಆಗಂಗಿಲ್ಲ ಅನ್ನೋ ರೋಗಿಗೆ ವೆಂಟಿಲೇಟರ್ ತಗಿಯೋದಕ್ಕ 2018ರ ಮಾರ್ಚಿನಾಗ ಸುಪ್ರೀಂ ಕೋರ್ಟ್ ಕಾಮನ್ ಕಾಸ್ ಪ್ರಕರಣದಾಗ ದಾರಿ ಕೊಟ್ಟದ, 2023ರ ಜನವರಿಯಾಗ ಅದನ್ನ ಸರಳ ಮಾಡ್ಯದ. ಈಗ ಕ್ರಮ ಹಿಂಗದ ನೋಡ್ರಿ. ಆಸ್ಪತ್ರಿದೇ ಒಂದು ಪ್ರಾಥಮಿಕ ಮಂಡಳಿ: ಚಿಕಿತ್ಸೆ ಕೊಡೋ ಡಾಕ್ಟ್ರು ಮತ್ತ ಕನಿಷ್ಠ ಇಬ್ಬರು ತಜ್ಞರು, ಐದು ವರ್ಷ ಅನುಭವ ಇದ್ದವರು. ಅವರು ಹೂಂ ಅಂದ ಮ್ಯಾಲ ಎರಡನೇ ಮಂಡಳಿ: ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ಒಬ್ಬ ಡಾಕ್ಟ್ರು, ಮೊದಲ ಮಂಡಳಿಯಾಗ ಇರದ ಇಬ್ಬರು ತಜ್ಞರು. ಎರಡೂ ಮಂಡಳಿ ಆದಷ್ಟು 48 ತಾಸಿನೊಳಗ ಹೇಳಬೇಕು. ರೋಗಿ ಮೊದ್ಲೇ ಬರೆದಿಟ್ಟ ಲಿವಿಂಗ್ ವಿಲ್ ಇದ್ರ ಅದು ಇಬ್ಬರು ಸಾಕ್ಷಿ ಮುಂದ ಸಹಿ ಆಗಿರಬೇಕು, ನೋಟರಿ ಇಲ್ಲಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಿರಬೇಕು. ವಿಲ್ ಇಲ್ಲಾಂದ್ರ ಹತ್ತಿರದ ಸಂಬಂಧಿಕರ ಒಪ್ಪಿಗಿ. ಕಡೀಕ ಯಂತ್ರ ತಗಿಯೋ ಮೊದ್ಲ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ಕ್ಕ ಇದರ ಬಗ್ಗೆ ಸುತ್ತೋಲೆ ಹೊರಡಿಸ್ಯದ. ಅಮೆರಿಕದ ಕೋರ್ಸಿನಾಗ ಇದು ಯಾವುದೂ ಇರಂಗಿಲ್ಲ.

ಇನ್ನ ರೊಕ್ಕದ ಮಾತು. ನಮ್ಮ ಕಡಿ ಯಂತ್ರ ಬಿಡೋದು ಹೆಚ್ಚಾಗಿ ಈ ಮಂಡಳಿಗಳ ದಾರಿಯಿಂದ ಅಲ್ಲ, ಲಾಮಾ, ಅಂದ್ರ ಡಾಕ್ಟ್ರ ಮಾತು ಮೀರಿ ರೋಗಿನ ಒಯ್ಯೋ ಕಾಗದದ ದಾರಿಯಿಂದ. ದಿನದ ಬಿಲ್ ಕೌಂಟರಿನಾಗ ಏರ್ಕೋತ ಹೋಗ್ತದ, ಹೊಲ ಅಡ ಇಟ್ಟಾಗ್ಯದ, ಮನಿ ಮಂದಿ "ಊರಿಗೆ ಒಯ್ತೀವಿ" ಅಂತಾರ. ವೈದ್ಯರ ಸಲಹೆ ಮೀರಿ ಒಯ್ಯಾಕತ್ತೀವಿ ಅಂತ ಸಹಿ ತಗೋತಾರ. ಟ್ಯೂಬ್ ಹಂಗೇ ಇರ್ತದ, ಆಂಬುಲೆನ್ಸಿನಾಗ ಒಬ್ಬರು ಕೈಲೆ ಉಸಿರು ತುಂಬೋ ಆಂಬು ಬ್ಯಾಗ್ ಒತ್ಕೋತ ಶಹಾಪುರ, ಸುರಪುರ ದಾರಿ ಹಿಡಿತಾರ, ಮನಿ ಬಾಗಲ ಮುಂದ ತಗೀತಾರ. ಕಾಗದದ ಮ್ಯಾಲ ಇದು ಮನಿಯವರ ನಿರ್ಧಾರ. ಚೇತರಿಸ್ಕೊಳ್ಳೋ ಸಾಧ್ಯತೆ ಇದ್ದ ರೋಗಿನೂ ಹಿಂಗ ಹೋಗ್ತಾನ, ಸಾಧ್ಯತೆ ಇಲ್ಲದವನೂ ಹಿಂಗೇ ಹೋಗ್ತಾನ. ಒಬ್ಬನಿಗೆ ಆಗಿದ್ದು ಅನ್ಯಾಯ, ಇನ್ನೊಬ್ಬನಿಗೆ ಯೋಗ್ಯವಾದ ನಿರ್ಧಾರ, ಆದ್ರ ಉಪಶಮನ ಆರೈಕೆ ಇಲ್ಲದೇ ಆಗಿದ್ದು. ಈ ಎರಡನ್ನ ಬ್ಯಾರೆ ಮಾಡಿ ಬರೆಯೋದು ಒಂದು ಪ್ರಬಂಧಕ್ಕ ಭಾಳ ದೊಡ್ಡ ವಿಷಯ. ಸಮಾರ್ಯದವನ ಸಾಮತಿಯಾಗ ಅವ ಗಾಯ ಕಟ್ಟಿ ಸುಮ್ಮನಾಗಲಿಲ್ಲ, ಛತ್ರದವನಿಗೆ ಎರಡು ದೀನಾರ ಕೊಟ್ಟು, ಹೆಚ್ಚಿಗಿ ಖರ್ಚಾದ್ರ ನಾ ಕೊಡ್ತೀನಿ ಅಂದ. ಲೂಕ ಬರೆದ ಆ ರೊಕ್ಕದ ವಾಕ್ಯದ ಮ್ಯಾಲ ನಮ್ಮ ಪ್ರಸಂಗಗಳಾಗ ಯಾರೂ ನಿಲ್ಲಂಗಿಲ್ಲ.

2015ರಾಗ ಕಲಬುರಗಿ ಜಿಲ್ಲಾದಾಗ ಲಂಬಾಣಿ, ದಲಿತ ಹೆಣ್ಮಕ್ಕಳಿಗೆ ಬೇಕಿಲ್ಲದೇ ಗರ್ಭಕೋಶ ತಗದ ವಿಷಯ ಹೊರಗ ಬಂತು. ಅದರಾಗೂ ಕನ್ಸೆಂಟ್ ಫಾರಮಿಗೆ ಹೆಬ್ಬೆಟ್ಟು ಇದ್ದೇ ಇರ್ತದ. ಸ್ವಾಯತ್ತತೆ ಅನ್ನೋದು ಒಂದು ಸಹಿ ಅಂತ ತಿಳ್ಕೊಂಡ್ರ ಏನಾಗ್ತದ ಅನ್ನೋದಕ್ಕ ಇದಕ್ಕಿಂತ ಉದಾಹರಣಿ ಬ್ಯಾಡ.

ಕೆಲ್ಸ ಕೇಳಿದ್ರಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮದ ಪ್ರಕಾರ ಸಂಶೋಧನೆಗೆ ಅನುಮತಿ ಕೊಡೋ ಎಥಿಕ್ಸ್ ಕಮಿಟಿಗೆ ಕನಿಷ್ಠ ಏಳು ಮಂದಿ ಬೇಕು. ಅರ್ಧಕ್ಕಿಂತ ಕಡಿಮಿ ಇಲ್ಲದಂಗ ಹೊರಗಿನವರು, ಒಬ್ಬ ಮಹಿಳಾ, ಒಬ್ಬ ಕಾನೂನು ತಿಳಿದವರು, ಒಬ್ಬ ಸಾಮಾನ್ಯ ವ್ಯಕ್ತಿ. ಮತ್ತ ಒಂದು ಸ್ಥಾನ ಸಮಾಜ ವಿಜ್ಞಾನಿ, ಎನ್‌ಜಿಒ ಪ್ರತಿನಿಧಿ, ತತ್ವಜ್ಞಾನಿ, ನೀತಿತಜ್ಞ ಇಲ್ಲಾ ದೇವಶಾಸ್ತ್ರಜ್ಞರಿಗೆ. ನಿಯಮದಾಗೇ ದೇವಶಾಸ್ತ್ರಜ್ಞ ಅಂತ ಬರದಾರ. ಕೋರಂಗೂ ಆ ಸ್ಥಾನದವರು ಬೇಕು. ಕಲಬುರಗಿಯೊಂದರಾಗೇ ಜಿಮ್ಸ್, ಎಂ.ಆರ್. ಮೆಡಿಕಲ್, ಕೆಬಿಎನ್, ಇಎಸ್‌ಐಸಿ ಮೆಡಿಕಲ್ ಕಾಲೇಜು ಅವ. ಬೀದರಿಗೆ ಬ್ರಿಮ್ಸ್, ನಮ್ಮ ಯಾದಗಿರಿಗೆ ಯಿಮ್ಸ್. ವಿದ್ಯಾರ್ಥಿ ಪ್ರಬಂಧಗಳೆಲ್ಲಾ ಕಮಿಟಿ ಮುಂದ ಬರಬೇಕು. ಇದು ಸಂಬಳದ ಕೆಲ್ಸ ಅಲ್ಲ, ಸಭಾ ಭತ್ಯೆ ಅಷ್ಟೇ. ಆದ್ರ ಹೊರಗಿನ ಸದಸ್ಯರಾಗಿ ತಯಾರಾದವರು ಇಲ್ಲಿ ಬೇಕಾಗ್ಯಾರ. ಗುಡ್ ಕ್ಲಿನಿಕಲ್ ಪ್ರಾಕ್ಟೀಸ್ ಪ್ರಮಾಣಪತ್ರ ಮಾಡ್ಕೊಂಡು, ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ರಾಷ್ಟ್ರೀಯ ಮಾರ್ಗಸೂಚಿ ಪೂರಾ ಓದ್ಕೊಂಡು ಒಂದು ಅರ್ಜಿ ಕೊಡ್ರಿ. ನಿಮ್ಮ ಸ್ವಂತ ಆಸ್ಪತ್ರಿ ಕಮಿಟಿಯಾಗ ಆದ್ರ ನೀವು ಒಳಗಿನವರು ಅಂತ ಲೆಕ್ಕ, ಅದು ಧ್ಯಾನದಾಗ ಇರಲಿ.

---

ಐಸಿಯು_ಬೀದರ್

ಎಲ್ಲರಿಗೂ ತುಂಬಾ ಧನ್ಯವಾದಗಳು. ಲಾಮಾ ವಿಷಯ ಮನಸ್ಸಿನಲ್ಲಿ ಇದ್ದದ್ದೇ, ಅದನ್ನೇ ಓದಿನ ವಿಷಯವಾಗಿ ಮಾಡಿಕೊಳ್ಳಬಹುದು ಎಂದು ಹೊಳೆದಿರಲಿಲ್ಲ. ಎರಡು ಉಪಪ್ರಶ್ನೆ. ಇಲ್ಲಿ ಡಿಪ್ಲೊಮಾ ಮುಗಿದ ಮೇಲೆ ಹೊರದೇಶಕ್ಕೆ ಅರ್ಜಿ ಹಾಕುವುದಾದರೆ ಕಾಗದಪತ್ರ ಹೇಗೆ? ಅರ್ಜಿಯ ಜೊತೆ ಬರಹದ ಮಾದರಿ ಕೇಳುತ್ತಾರಂತೆ, ಅದು ಹೇಗಿರಬೇಕು?

---

ಕಾಗದಪತ್ರ_ಶಹಾಬಾದ್

ಮೊದಲು ಎಲ್ಲಿಗೆ ಎನ್ನುವುದು. ಬೆಲ್ಜಿಯಂನ ಕೆ.ಯು. ಲ್ಯೂವೆನ್ ಕ್ಯಾಥೊಲಿಕ್ ಮೂಲದ ವಿಶ್ವವಿದ್ಯಾಲಯ. ಬಯೋಎಥಿಕ್ಸ್ ಮಾಸ್ಟರ್ಸ್ ಇಂಗ್ಲಿಷಿನಲ್ಲಿ, 60 ಕ್ರೆಡಿಟ್, ಪೂರ್ಣಾವಧಿ ಒಂದು ವರ್ಷ. ಯುರೋಪಿನ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ ಓದು. ಹಾಗಾಗಿ 1,500 ಗಂಟೆಗೆ ಕಡಿಮೆ ಇಲ್ಲ. ಕೆಲಸದ ಜೊತೆ ಮಾಡುವ ಮಾತು ಬೇಡ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯದ್ದು, ದೊಡ್ಡ ಆಸ್ಪತ್ರೆಯೇ ಜೊತೆಗಿರುವುದರಿಂದ ನರ್ಸ್‌ಗಳಿಗೆ ಹೊಂದುತ್ತದೆ. ಶಿಕಾಗೋದ ಲೊಯೊಲಾ ವಿಶ್ವವಿದ್ಯಾಲಯ ಕ್ಯಾಥೊಲಿಕ್ ಜೆಸ್ವಿಟರದ್ದು, ಆನ್‌ಲೈನ್ ಎಂ.ಎ. ಇದೆ. ಹಳೆಯ ಲೇಖನಗಳಲ್ಲಿ ಇವಾಂಜೆಲಿಕಲ್ ಆಯ್ಕೆಯೆಂದು ಇಲಿನಾಯ್ಸ್‌ನ ಟ್ರಿನಿಟಿ ಹೆಸರು ಬರುತ್ತದೆ. ಅಲ್ಲಿಯ ಸೆಮಿನರಿ ಕೆನಡಾದ ಟ್ರಿನಿಟಿ ವೆಸ್ಟರ್ನ್ ವಿಶ್ವವಿದ್ಯಾಲಯದ ಕಡೆಗೆ ಹೋಗುವುದಾಗಿ 2025ರಲ್ಲಿ ಪ್ರಕಟಿಸಿದೆ. ಆದ್ದರಿಂದ ಹಳೆ ಮಾಹಿತಿ ನಂಬಿ ಅರ್ಜಿ ಶುಲ್ಕ ಕಟ್ಟಬೇಡಿ.

ಪೂರ್ತಿ ಆನ್‌ಲೈನ್ ಕೋರ್ಸಿಗೆ ಅಮೆರಿಕದ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಕೆಲವು ಏಜೆಂಟರು ಇದನ್ನು ಮುಚ್ಚಿಟ್ಟು ಹಣ ಪಡೆಯುತ್ತಾರೆ. ಆನ್‌ಲೈನ್ ಪದವಿಗೆ ಇಲ್ಲಿ ತತ್ಸಮಾನ ಸಿಗುತ್ತದೋ ಎನ್ನುವುದನ್ನು ಸೇರುವ ಮೊದಲೇ ಕೇಳಿ. ಹೊರದೇಶದ ಪದವಿಗಳ ತತ್ಸಮಾನಕ್ಕೆ ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ. ಉತ್ತರ ಲಿಖಿತವಾಗಿ ಇರಲಿ. ಸ್ವಂತ ತಿಳಿವಳಿಕೆಗೆ, ಸಭೆಯ ಸೇವೆಗೆ ಓದುವವರಿಗೆ ಆನ್‌ಲೈನ್ ಚೆನ್ನಾಗಿಯೇ ಇದೆ.

ನಿಮ್ಮದು ನಾಲ್ಕು ವರ್ಷದ ಬಿ.ಎಸ್ಸಿ. ಆದ್ದರಿಂದ ಅಮೆರಿಕದ ಲೆಕ್ಕಕ್ಕೆ ತೊಡಕಿಲ್ಲ. ಇದನ್ನು ಓದುವ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮಾಡಿದವರು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಿಯೇ ಹೊರಡಿ, ಎರಡರ ಅಂಕಪಟ್ಟಿಯನ್ನೂ ಕೊಡಿ. ಟ್ರಾನ್ಸ್‌ಕ್ರಿಪ್ಟ್‌ಗೆ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಮೊದಲೇ ಅರ್ಜಿ ಹಾಕಿ, ಗಡುವಿಗೆ ಆರು ತಿಂಗಳಾದರೂ ಇರುವಾಗ. ಹತ್ತನೇ ತರಗತಿ ಅಂಕಪಟ್ಟಿ, ಪಾಸ್‌ಪೋರ್ಟ್, ಪದವಿ ಪ್ರಮಾಣಪತ್ರ, ಮೂರರಲ್ಲೂ ಹೆಸರು, ಇನಿಷಿಯಲ್, ಅಡ್ಡಹೆಸರು ಒಂದೇ ಥರ ಇದೆಯೇ ನೋಡಿ. ನಮ್ಮ ಭಾಗದ ಅರ್ಜಿಗಳು ಹೆಚ್ಚು ಸಿಕ್ಕಿಕೊಳ್ಳುವುದು ಇಲ್ಲೇ: ಶಾಲೆಯಲ್ಲಿ ತಂದೆಯ ಹೆಸರು ಸೇರಿಸಿ ಬರೆದಿರುತ್ತಾರೆ, ದೀಕ್ಷಾಸ್ನಾನದ ಹೆಸರು ಪಾಸ್‌ಪೋರ್ಟಿನಲ್ಲಿ ಬಂದಿರುತ್ತದೆ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಸಾಮಾನ್ಯವಾಗಿ 6.5ರಿಂದ 7 ಕೇಳುತ್ತಾರೆ. ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಕೇಂದ್ರ ಹತ್ತಿರ. ಕನ್ನಡ ಮಾಧ್ಯಮದವರಿಗೆ ಅಂಕ ಹೋಗುವುದು ರೈಟಿಂಗ್ ಭಾಗದಲ್ಲಿ. ದಿನಕ್ಕೆ 250 ಪದದ ಒಂದು ವಾದ ಬರೆದು ಯಾರಿಂದಾದರೂ ತಿದ್ದಿಸಿಕೊಳ್ಳಿ. ಹಣಕ್ಕೆ ಅಲ್ಪಸಂಖ್ಯಾತರ ನಿರ್ದೇಶನಾಲಯದ ವಿದೇಶ ವ್ಯಾಸಂಗ ಯೋಜನೆ ಇದೆ. ನಿಮ್ಮ ವಿಷಯ, ವಿಶ್ವವಿದ್ಯಾಲಯ ಎರಡೂ ಆ ವರ್ಷದ ಪಟ್ಟಿಯಲ್ಲಿ ಇವೆಯೇ ಎಂದು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

---

ಹುಮನಾಬಾದ್_ಪಾಸ್ಟರ್

ಬರಹದ ಮಾದರಿ ಬಗ್ಗೆ. ತಿರಸ್ಕೃತವಾಗುವ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ದೋಷ: ವಚನ ಬರೆದು ನೇರ ತೀರ್ಪಿಗೆ ಹಾರುವುದು. "ಮನುಷ್ಯನು ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು, ಆದ್ದರಿಂದ ವೆಂಟಿಲೇಟರ್ ತೆಗೆಯಬಾರದು" ಎಂದು ಬರೆದರೆ ಓದುವವರು ಕೇಳುತ್ತಾರೆ: ಆದಿಕಾಂಡದ ಅದೇ ವಚನ ಹಿಡಿದು, ಸಾಯುತ್ತಿರುವ ದೇಹವನ್ನು ಯಂತ್ರಕ್ಕೆ ಕಟ್ಟಿಹಾಕಬಾರದು ಎಂದೂ ಹೇಳಬಹುದಲ್ಲ? ವಚನಕ್ಕೂ ತೀರ್ಪಿಗೂ ನಡುವಿನ ಹೆಜ್ಜೆಗಳನ್ನು ತೋರಿಸುವುದೇ ಈ ವಿದ್ಯೆ.

ಒಂದು ಪ್ರಕರಣ ತೆಗೆದುಕೊಂಡು ಹತ್ತು-ಹನ್ನೆರಡು ಪುಟ ಬರೆಯಿರಿ. ರೋಗಿಯ ಗುರುತು ಸಿಗದಂತೆ ವಿವರ ಬದಲಿಸಿ, ಇಲ್ಲವೇ ಪೂರ್ತಿ ಕಲ್ಪಿತವೆಂದು ಹೇಳಿ. ನಮ್ಮ ಹತ್ತಿ, ತೊಗರಿ ಸೀಮೆಗೆ ಹೊಂದುವಂಥದ್ದು ಹೇಳುತ್ತೇನೆ. ಇಪ್ಪತ್ತರ ಆಸುಪಾಸಿನ ಯುವಕ ಪ್ಯಾರಾಕ್ವಾಟ್ ಕಳೆನಾಶಕ ಕುಡಿದು ಬಂದಿದ್ದಾನೆ. ಎಚ್ಚರ ಇದೆ, ಬದುಕಬೇಕು ಎನ್ನುತ್ತಿದ್ದಾನೆ. ಪ್ರತಿವಿಷ ಇಲ್ಲ, ಶ್ವಾಸಕೋಶ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ. ಆಮ್ಲಜನಕ ಕೊಟ್ಟರೆ ಹಾನಿ ಹೆಚ್ಚುತ್ತದೆ, ಕೊಡದಿದ್ದರೆ ಉಸಿರಾಡಲು ಆಗದೆ ಒದ್ದಾಡುತ್ತಾನೆ. ಮನೆಯವರು ವೆಂಟಿಲೇಟರ್ ಹಾಕಿ ಎನ್ನುತ್ತಾರೆ, ಹೊಲ ಮಾರಲು ಸಿದ್ಧ.

ಮೊದಲು ನಾಲ್ಕು ಭಾಗ ಮಾಡಿ: ವೈದ್ಯಕೀಯ ಸ್ಥಿತಿ, ರೋಗಿಯ ಇಚ್ಛೆ, ಮುಂದಿನ ಬದುಕಿನ ಗುಣ, ಸುತ್ತಲಿನ ಸಂದರ್ಭ. ಇದು ಜಾನ್ಸೆನ್, ಸೀಗ್ಲರ್, ವಿನ್ಸ್‌ಲೇಡ್ ಅವರ ಕ್ರಮ, ಕ್ಲಿನಿಕಲ್ ಎಥಿಕ್ಸ್‌ನಲ್ಲಿ ಎಲ್ಲರೂ ಬಳಸುತ್ತಾರೆ. ಸಂದರ್ಭದ ಕೆಳಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಬರಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ, ಶಿಕ್ಷೆಯ ಬದಲು ಆರೈಕೆ ಹೇಳುತ್ತದೆ. ಸಾಲ, ಬಿಲ್ಲು ಕೂಡ ಇಲ್ಲೇ.

ಇದಾದ ಮೇಲೆ ದೇವಶಾಸ್ತ್ರಕ್ಕೆ ಬನ್ನಿ. ವೆಂಟಿಲೇಟರ್ ಇಲ್ಲಿ ಫಲಕ್ಕಿಂತ ಹೊರೆಯೇ ಹೆಚ್ಚಾದ ಚಿಕಿತ್ಸೆಯೇ? ಆಮ್ಲಜನಕವನ್ನು ಕೊನೆಯ ಹಂತದಲ್ಲಿ ಒದ್ದಾಟ ತಗ್ಗಿಸಲು ಕೊಟ್ಟರೆ ದ್ವಿಪರಿಣಾಮದ ನಾಲ್ಕು ಷರತ್ತು ನಿಲ್ಲುತ್ತವೆಯೇ? ಬದುಕಬೇಕು ಎನ್ನುವವನಿಗೆ ಸತ್ಯ ಹೇಳುವುದು ಯಾರ ಹೊಣೆ, ಯಾವ ಮಾತಿನಲ್ಲಿ? ಕೊನೆಗೆ ಸಭೆಯ ಪ್ರಶ್ನೆ ಒಂದಿದೆ, ಅದನ್ನು ಬಿಡಬೇಡಿ. ಆತ್ಮಹತ್ಯೆ ಮಾಡಿಕೊಂಡವರ ಶವಸಂಸ್ಕಾರಕ್ಕೆ ಪ್ರಾರ್ಥನೆ ನಡೆಸಲು ಹಿಂದೆಮುಂದೆ ನೋಡುವ ಸಭೆಗಳು ಈಗಲೂ ಇವೆ. ಆ ಹಿಂಜರಿಕೆ ಎಲ್ಲಿಂದ ಬಂತು, ಕೃಪೆಯ ಬೋಧನೆಯ ಮುಂದೆ ಅದು ನಿಲ್ಲುತ್ತದೆಯೇ ಎಂದು ಎರಡು ಪುಟ ಬರೆದರೆ, ಬೇರೆ ಅರ್ಜಿದಾರರು ಬರೆಯಲಾರದ್ದನ್ನು ನೀವು ಬರೆದಂತೆ.

ನಿಮ್ಮ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿ ಆಕ್ಷೇಪವನ್ನು ನೀವೇ ಬರೆದು ಉತ್ತರಿಸಿ, ಕನಿಷ್ಠ ಒಂದು ಪುಟ. ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ, ವಾದ ನೇರವಾದ ಮೇಲೆ ಇಂಗ್ಲಿಷಿಗೆ ತನ್ನಿ. ಕರಡು ಆದಾಗ ಇಲ್ಲಿ ಹಾಕಿ, ರೋಗಿಯ ವಿವರ ತೆಗೆದು. ನಾನೂ, ನೀತಿಪಾಠದವರೂ ನೋಡುತ್ತೇವೆ.

---

ನೀತಿಪಾಠ_ಕಲಬುರಗಿ

ಖಂಡಿತ ನೋಡುತ್ತೇನೆ. ಒಂದೇ ಸೇರ್ಪಡೆ: ಕಲ್ಪಿತ ಪ್ರಕರಣದ ಬದಲು ನಿಮ್ಮ ಆಸ್ಪತ್ರೆಯ ಲಾಮಾ ದಾಖಲೆಗಳನ್ನು ಬಳಸುವ ಯೋಚನೆ ಬಂದರೆ, ಹಳೆಯ ಕೇಸ್ ಶೀಟ್ ಆದರೂ ಎಥಿಕ್ಸ್ ಕಮಿಟಿಯ ಅನುಮತಿ ಮೊದಲು ಬೇಕು. ದತ್ತಾಂಶ ತೆಗೆದುಕೊಂಡ ಮೇಲೆ ಕೇಳಿದರೆ ಕಮಿಟಿ ಅನುಮತಿ ಕೊಡುವುದಿಲ್ಲ, ಆ ಕೆಲಸವೆಲ್ಲ ವ್ಯರ್ಥವಾಗುತ್ತದೆ.